ಕೋರಾ ಸೀರಿ ಉಟ್ಟ ರೋಲರ್

ಬನಹಟ್ಟ್ಯಾಗ ಹುಟ್ಟಿದವರಿಗೆ ಒಂದು ಚಟ ಐತಿ. ಏನ ಸಿಕ್ಕರೂ ಅರಿವಿ ಸುತ್ತತಾರ. ರೊಟ್ಟಿ ಬುಟ್ಟಿಗೆ ಅರಿವಿ, ನೀರಿನ ಕೊಡಕ್ಕ ಅರಿವಿ, ಟಿವಿಗೆ ಅರಿವಿ, ಹೊಸಾ ಮೋಟರ್ ಸೈಕಲ್ ತಂದ್ರ ಅದರ ಸೀಟಿಗೂ ಅರಿವಿ. ಊರ ತುಂಬ ಮಗ್ಗ ಇದ್ದ ಮ್ಯಾಲ ಅರಿವಿಗೇನು ಬರಗಾಲರಿ? ಹಿಂಗಾಗಿ ಶಿದ್ರಾಮಪ್ಪನ ಹೆಂಡ್ತಿ ಯಂಕವ್ವ ಕಬ್ಬಿಣದ ರೋಲರಿಗೆ ಸೀರಿ ಸುತ್ತಿದ್ಲು ಅಂದ್ರ ನೀವು ನಗಬ್ಯಾಡ್ರಿ. ನಕ್ಕರ ನನಗ ಸಿಟ್ಟು ಬರತೈತಿ.

ಶಿದ್ರಾಮಪ್ಪಂದು ಊರ ಕಡೀಕ ಒಂದು ಲೇತ್ ಮಷೀನಿನ ಶೆಡ್ಡು. ಮೊದಲ ಪಾವರ್‌ಲೂಮ್ ರಿಪೇರಿ ಮಾಡತಿದ್ದ, ಈಗ ಹತ್ತು ವರ್ಷದಿಂದ ಬರೇ ರೋಲರ್ ಕೆಲಸ. ದೊಡ್ಡ ಮಿಲ್ಲಿನ್ಯಾಗ ಬಟ್ಟಿ ನುಣುಪು ಮಾಡೋ ಮಷೀನ ಇರತಾವಲ್ಲ, ಅದರಾಗ ಉದ್ದನ್ನ ಉಕ್ಕಿನ ರೋಲರ್ ತಿರಗತಾವ, ಬಟ್ಟಿ ಅವುಗಳ ಮ್ಯಾಲ ಹಾದು ಹೋಗತೈತಿ. ರೋಲರ್ ಮೈಮ್ಯಾಲ ಸಾಸಿವಿಕಾಳಿನಷ್ಟು ಕಲಿ ಇದ್ರೂ ಸಾಕು, ಸಾವಿರ ಮೀಟರ್ ಬಟ್ಟಿಗೆ ಅದೇ ಕಲಿ ಬೀಳತೈತಿ. ಸವೆದ ರೋಲರ್ ತರಿಸಿ, ಲೇತಿಗೆ ಏರಿಸಿ, ತಿಕ್ಕಿ, ಮಾರಿ ಕಾಣೂ ಹಂಗ ಮಾಡಿ ತಿರುಗಿ ಕಳಸೂದು ಶಿದ್ರಾಮಪ್ಪನ ಉದ್ಯೋಗ. ಸುತ್ತ ನಾಕು ತಾಲೂಕಿನ್ಯಾಗ ಅವನಷ್ಟು ನಾಜೂಕ ಕೈ ಇನ್ನೊಂದಿಲ್ಲ ಅಂತ ನಾ ಹೇಳತೇನಿ. ಬೇಕಾದ್ರ ಕೇಳಿ ನೋಡ್ರಿ.

ಯಂಕವ್ವ ಮನ್ಯಾಗ ಮಗ್ಗ ನೇಯತಿದ್ಲು. ಮೂರು ವರ್ಷದ ಹಿಂದ ಮೊಣಕಾಲ ಕೈಕೊಟ್ಟವು, ಮಗ್ಗ ಮಾರಿದ್ರು. ಅವತ್ತಿನಿಂದ ಆಕಿ ಬಾಯಿ ಬಂದ್ ಆತು. ಸೊಸಿ ಕಾಂಚನಾ ಅಡಿಗಿಮನಿ ನೋಡಕೊಂಡ್ಲು, ಮೊಮ್ಮಕ್ಕಳು ಸಾಲಿಗೆ ಹ್ವಾದ್ವು, ಯಂಕವ್ವ ಗ್ವಾಡಿಗೆ ಬೆನ್ನು ಹಚ್ಚಿ ಕುಂತಲ್ಲೇ ಕುಂತ್ಲು. ಎಂಟು ತಿಂಗಳು! ಹಗಲೆಲ್ಲಾ ಬಾಯಿಮಾಡೋ ಹೆಂಡ್ತಿ ಸುಮ್ಮನಾದ್ರ ಗಂಡಗ ಆರಾಮ ಅಂತ ತಿಳಿದವರು ಮದಿವಿ ಆಗದವರು. ಶಿದ್ರಾಮಪ್ಪಗ ಊಟ ಸೇರಲಿಲ್ಲ.

ಒಂದು ದಿನ ರೋಲರ್ ಸುತ್ತಾಕ ಹಳೇ ಸೀರಿ ಕೇಳಿಕೊಂಡು ಮನಿಗೆ ಬಂದ. "ನಿಮಗೇನು ಸುತ್ತಾಕ ಬರತೈತಿ? ಲುಂಗಿ ಸುದ್ದಾ ಸರಿ ಉಟ್ಟುಕೊಳ್ಳಾಕ ಬರಂಗಿಲ್ಲ" ಅಂತ ಯಂಕವ್ವ ತಾನ ಎದ್ದು ಶೆಡ್ಡಿಗೆ ಬಂದ್ಲು. ತೊಳದು ತೊಳದು ಹೂವಿನಷ್ಟು ಮೆತ್ತಗಾದ ಸೀರೀನ ಐದು ಫೂಟಿನ ರೋಲರಿಗೆ ಒಂದು ಸುಕ್ಕಿಲ್ಲದ ಹಂಗ ಸುತ್ತಿದ್ಲು. ಮ್ಯಾಲ ಗೋಣಿ ಹೊಲದ್ಲು, ಹಗ್ಗ ಬಿಗದ್ಲು. ಮರುದಿನಾನೂ ಬಂದ್ಲು, ಅದರ ಮರುದಿನಾನೂ ಬಂದ್ಲು. ತಿಂಗಳಿಗೆ ಕಟ್ಟೂದು ಒಂದೋ ಎರಡೋ ರೋಲರ್, ಆದ್ರ ಬಾಗಲ ಹತ್ರ ಸ್ಟೂಲ್ ಹಾಕ್ಕೊಂಡು ಬಂದವರನ್ನ, ಹೋದವರನ್ನ, ಗಂಡನ್ನ, ಸರಕಾರನ್ನ, ಎಲ್ಲಾರನ್ನೂ ತರಾಟಿಗೆ ತೊಗೊಳ್ಳೂದು ದಿನಾ ನಡೀತು. ಲೇತಿನ ಸಪ್ಪಳದಾಗ ಶಿದ್ರಾಮಪ್ಪಗ ಅರ್ಧಾ ಕೇಳತಿತ್ತು, ಅರ್ಧಾ ಕೇಳತಿರಲಿಲ್ಲ. ಆದ್ರೂ ಅವನ ಜೀವಕ್ಕ ಬಾಳ ಹಿತ ಅನಸತಿತ್ತು.

ಹಿಂಗ ಎರಡು ವರ್ಷ ಯಾವ ರೋಲರೂ ಕೆಟ್ಟು ಬರಲಿಲ್ಲ. ಈ ಮಳಿಗಾಲದಾಗ ಕೊಯಮತ್ತೂರು ಕಡೆ ಒಂದು ದೊಡ್ಡ ಮಿಲ್ಲಿನವರು ಹುಡುಕ್ಕೊಂಡು ಬಂದು ಒಂದು ರೋಲರ್ ಕೊಟ್ಟರು. ಇದು ಛಲೋ ಆದ್ರ ಇನ್ನೂ ಇಪ್ಪತ್ತು ಕೊಡತೇವಿ ಅಂದ್ರು. ಶಿದ್ರಾಮಪ್ಪ ಹನ್ನೆರಡು ದಿನ ತಿಕ್ಕಿದ. ಕಟ್ಟೂ ದಿನ ಯಂಕವ್ವ ಹಳೇ ಸೀರಿ ಗಂಟು ಬಿಚ್ಚಿ ನೋಡಿ ಮೂಗು ಮುರದ್ಲು. "ಅಷ್ಟು ದೂರ, ದೊಡ್ಡವರ ಮನಿಗೆ ಹೊಂಟೈತಿ. ಹರಕ ಸುತ್ತಿ ಕಳಸಿದ್ರ ನಮ್ಮ ಮರ್ಯಾದಿ ಏನಾದೀತು?" ಅಂತ ಬಾಜೂಮನಿ ಮಗ್ಗದಿಂದ ಅವತ್ತಷ್ಟ ಇಳಿದ ಚೌಕಳಿ ಸೀರಿ ತಂದ್ಲು. ಕೋರಾ ಸೀರಿ, ಇನ್ನೂ ನೀರು ಕಂಡಿದ್ದಿಲ್ಲ. ಅದನ್ನ ಸುತ್ತಿ, ದಡಿ ಮ್ಯಾಲ ಬರೂ ಹಂಗ ಕಟ್ಟಿ, ದೂರ ನಿಂತು ನೋಡಿ, "ಮದುಮಗಳು ಕಂಡಂಗ ಕಾಣತೈತಿ" ಅಂದ್ಲು. ಶಿದ್ರಾಮಪ್ಪಗೂ ಹಂಗ ಕಂಡಿತ್ತು.

ಹದಿನೈದು ದಿನಕ್ಕ ಮದುಮಗಳು ತೌರಿಗೆ ತಿರುಗಿ ಬಂತು. ಲೋಕಾಪುರ ತನಕ ಲಾರ್ಯಾಗ, ಅಲ್ಲಿಂದ ಟೆಂಪೋದಾಗ. ಜೋಡಿ ಒಂದು ಪತ್ರ. ಮಾಲು ತುಕ್ಕು ಹಿಡದೈತಿ, ಶನಿವಾರದೊಳಗ ಸರಿ ಮಾಡಿ ಲಾರಿಗೆ ಹಾಕದಿದ್ರ ಮುಂದಿನ ಕೆಲಸ ಬ್ಯಾರೆಯವರಿಗೆ ಅಂತ ಇತ್ತು.

ಯಂಕವ್ವ ಊಟಕ್ಕ ಹೋದ ಹೊತ್ತು. ಶಿದ್ರಾಮಪ್ಪ ಒಬ್ಬನೇ ಗೋಣಿ ಬಿಚ್ಚಿದ, ಮಿಲ್ಲಿನವರು ಹಂಗ ತಿರುಗಿ ಸುತ್ತಿ ಕಳಿಸಿದ್ದ ಸೀರೀನೂ ಬಿಚ್ಚಿದ. ಮೈತುಂಬ ತುಕ್ಕು, ಅದೂ ಚೌಕಳಿ ಚೌಕಳಿ! ಸೀರಿ ಮ್ಯಾಲಿದ್ದ ಒಂದೊಂದು ಚೌಕಳೀನೂ ಉಕ್ಕಿನ ಮ್ಯಾಲ ಮೂಡಿತ್ತು, ಕಡೀಕ ದಡಿಯ ಎರಡು ಗೆರಿ ಸುದ್ದಾ.

ಕೈಯಾಗ ಸೀರಿ ಹಿಡಕೊಂಡ್ರ ಇನ್ನೂ ಜಿಬಿಜಿಬಿ. ಆಗ ತಿಳೀತು ಅವಂಗ. ಮಗ್ಗದಿಂದ ಇಳಿದ ಅರಿವ್ಯಾಗ ನೂಲಿಗೆ ಹಾಕಿದ ಗಂಜಿ ಹಂಗ ಇರತೈತಿ. ನೂಲು ಒಣಗಿ ಹರೀಬಾರದಂತ ಆ ಗಂಜ್ಯಾಗ ತೇವಾ ಹಿಡಿಯೋ ಪುಡಿ ಬೆರಸಿರತಾರ. ಹಳೇ ಸೀರಿ ನೂರು ಸಲ ತೊಳದದ್ದು, ಅದರಾಗ ಗಂಜಿ ಎಲ್ಲಿ ಉಳೀಬೇಕು? ಈ ಕೋರಾ ಸೀರಿ ಹಚ್ಚಿದ ಎಣ್ಣೀನೂ ಕುಡದು, ದಾರಿ ತುಂಬ ಮಳಿಗಾಳಿ ಹೀರಿಕೊಂತ ಹೋಗಿತ್ತು. ಗಂಜಿ ವಾಸನಿಯೊಳಗ ಹುಟ್ಟಿ ಗಂಜಿ ವಾಸನಿಯೊಳಗ ಮುದುಕರಾದ ಇಬ್ಬರಿಗೂ ಇದು ಹೊಳೀಲಿಲ್ಲ, ನೋಡ್ರಿ.

ರೋಲರಿನ ಚಿಂತಿ ಶಿದ್ರಾಮಪ್ಪಗ ಇರಲಿಲ್ಲ. ಒಂದೆರಡು ದಿನ ತಿಕ್ಕಿದ್ರ ತುಕ್ಕು ಹೋದೀತು. ಅವನ ಜೀವ ಹೊಡಕೊಂಡದ್ದು ಬ್ಯಾರೆದಕ್ಕ. ತನ್ನ ಕೈಯಿಂದ ಕೆಡುಕಾತು ಅಂತ ಗೊತ್ತಾದ್ರ ಈ ಹೆಣ್ಣಮಗಳು ನಾಳಿಂದ ಶೆಡ್ಡಿನ ಹೊಸ್ತಿಲಾ ತುಳಿಯಂಗಿಲ್ಲ. ಮತ್ತ ಆ ಗ್ವಾಡಿ, ಮತ್ತ ಆ ಸುಮ್ಮನ ಕೂಡೂದು. ಬ್ಯಾಡಪ್ಪಾ ಶಿವನ, ಅಂದುಕೊಂಡ. ಸೀರೀನ ಹಳೇ ಎಣ್ಣಿ ಡಬ್ಬಿ ಹಿಂದ ತುರುಕಿದ. ರೋಲರಿಗೆ ತಾಡಪತ್ರಿ ಹೊದಿಸಿದ.

ಯಂಕವ್ವ ಬಂದು ಕೇಳಿದ್ಲು, "ಏನಾಗೇತ್ರಿ?"

"ಲಾರ್ಯಾಗ ಏನೋ ಹೆಚ್ಚುಕಡಿಮಿ ಆಗೇತಿ" ಅಂದ ಶಿದ್ರಾಮಪ್ಪ. ಮಾತು ಬಾಯಿಂದ ಬಿತ್ತು, ಆತು, ಮುಂದಿನ ಉಪದ್ರವಕ್ಕೆಲ್ಲಾ ಅದ ಬೀಜ.

"ನನಗ ಗೊತ್ತಿತ್ತು!" ಯಂಕವ್ವ ಸೆರಗು ಸೊಂಟಕ್ಕ ಸಿಗಿಸಿದ್ಲು. "ಜಮಖಂಡಿ ಟ್ರಾನ್ಸ್‌ಪೋರ್ಟಿನ್ಯಾಗ ಮಾಲು ಬುಕಿಂಗ್ ಮಾಡೋ ಆ ಕಲ್ಮೇಶ ಇದನ್ನ ಹಳೇ ಕಬ್ಬಿಣ ಅಂತ ಬರಕೊಂಡಿರಬೇಕು. ಗುಜರಿ ಜೋಡಿ ಒಗದಾರ, ನೀರಾಗ ನಿಂದರಿಸ್ಯಾರ. ನಾಳೆ ನಾನೂ ಬರತೇನಿ, ಅವನ್ನ ಕೇಳೇ ಬರೂನು."

"ನೀ ಯಾಕ ಬಸ್ಸಿನ್ಯಾಗ..."

"ನಾ ಬರಾಕಿ ಅಂದ್ರ ಬರಾಕಿ."

ಬಿಸಿ ತುಪ್ಪ ಬಾಯಾಗ ಹಾಕ್ಕೊಂಡಂಗಾತು ಶಿದ್ರಾಮಪ್ಪಗ. ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು.

ಮರುದಿನ ಹತ್ತರ ಬಸ್ಸಿಗೆ ಇಬ್ಬರೂ ಜಮಖಂಡಿಗೆ ಹ್ವಾದ್ರು. ದಾರಿ ತುಂಬ ಯಂಕವ್ವ ಬೈಗಳ ಹೊಂದಿಸಿಕೊಳ್ಳಾಕತ್ತಿದ್ಲು. ಶಿದ್ರಾಮಪ್ಪ ಕಿಡಕಿ ಹೊರಗ ಕಬ್ಬಿನ ಹೊಲ ಎಣಸಾಕತ್ತಿದ್ದ.

ಬುಕಿಂಗ್ ಕುರ್ಚಿ ಮ್ಯಾಲ ಕಲ್ಮೇಶ ಕುಂತಿದ್ದ. ನಲವತ್ತೈದರ ಮನಶಾ, ಹದಿನೆಂಟು ವರ್ಷ ಅದೇ ಗೋಡೌನಿನ್ಯಾಗ ಹಮಾಲಿ ಮಾಡಿ ಬೆನ್ನು ಹಾಳಾದ ಮ್ಯಾಲ, ಮೂರು ತಿಂಗಳ ಹಿಂದ ಮಾಲಕ ಮಹಾಲಿಂಗ ಸಾವ್ಕಾರ ಅವನನ್ನ ಆ ಕುರ್ಚಿಗೆ ಕೂಡಿಸಿದ್ದ. ಕನ್ನಡಕ ಹೊಸಾದು, ಪೆನ್ನು ಹೊಸಾದು, ಹೆದರಿಕೀನೂ ಹೊಸಾದು. ಬಾಜೂಕ ಸಾವ್ಕಾರನೂ ಕುಂತಿದ್ದ.

"ಬರ್ರಿ ಅಕ್ಕಾರ, ಬರ್ರಿ ಮಿಸ್ತ್ರಿ..." ಅನ್ನೂದ್ರಾಗ ಯಂಕವ್ವ ಸುರು ಹಚ್ಚಿದ್ಲು.

"ಅಕ್ಕಾ ಗಿಕ್ಕಾ ಆಮ್ಯಾಲ. ಮೊದಲ ಹೇಳು, ನಮ್ಮ ರೋಲರನ್ನ ಏನಂತ ಬರಕೊಂಡಿದ್ದಿ? ಹಳೇ ಕಬ್ಬಿಣ ಅಂತ ಹೌದಲ್ಲೋ? ಹನ್ನೆರಡು ದಿನ ಊಟಾ ಬಿಟ್ಟು ತಿಕ್ಕ್ಯಾರ ಇವರು! ಕಣ್ಣಿಗೇನು ಹುಣಸಿಬೀಜ ಹಚ್ಚಿಕೊಂಡಿದ್ದ್ಯಾ?"

ಕಲ್ಮೇಶ ತಡವರಿಸಿಕೊಂತ ಬಿಲ್ಟಿ ನಕಲು ತಗದು ಮುಂದಿಟ್ಟ. ಬಿಲ್ಟಿ ಅಂದ್ರ ಮಾಲಿನ ಚೀಟಿ, ಅದರ ಮ್ಯಾಲ ಏನ ಬರದಿರತೈತೋ ಲಾರ್ಯಾಗ ಮಾಲಿಗೆ ಅದ ಜಾತಿ. 'ಮಷೀನ್ ಪಾರ್ಟ್, ನಾಜೂಕು, ಮ್ಯಾಲ ಏನೂ ಹೇರಬಾರದು' ಅಂತ ಗುಂಡ ಅಕ್ಷರದಾಗ ಬರದಿತ್ತು.

ಯಂಕವ್ವ ಸುಮ್ಮನಾಗಾಕಿ ಇದ್ಲು. ಸುಮ್ಮನಾಗದವ ಸಾವ್ಕಾರ. ಚೀಟಿ ಇಸಕೊಂಡು ನೋಡಿದ. "ಕಲ್ಮೇಶಾ, ಇದಕ್ಕ ಕಟಗಿ ಪೆಟಗಿ ಇತ್ತೇನು?"

"ಇಲ್ಲರಿ."

"ಪೆಟಗಿ ಇಲ್ಲದ ಕಬ್ಬಿಣ ಬಿಡಿ ಕಬ್ಬಿಣ ಅಂತ ಬರೀಬೇಕು. ಪೆಟಗ್ಯಾಗ ಬಂದ್ರಷ್ಟ ಮಷೀನ್ ಪಾರ್ಟು. ಮೂರು ತಿಂಗಳು ಇದನ್ನ ಕಲಿಸೀನಿ ನಿನಗ. ಮಾಲಿನ ದರ್ಜಾ ಅದರ ಕಟ್ಟಿನ ಮ್ಯಾಲ. ನಿನಗ ಯಾರು ಹೇಳಿದ್ರು ದರ್ಜಾ ಏರಸಾಕ?"

ಕಲ್ಮೇಶ ತಲಿ ತಗ್ಗಿಸಿದ. "ಬಿಡಿ ಕಬ್ಬಿಣ ಅಂದ್ರ ಎಲ್ಲಾದಕ್ಕೂ ಕೆಳಗ ಹಾಕತಾರಿ, ಕಾಲಿಲೆ ಉರುಳಿಸ್ತಾರಿ. ನಾನೂ ಹಂಗ ಉರುಳಿಸಿದವನ. ಗೋಣಿ ಸಂದ್ಯಾಗ ಆ ಸೀರಿ ದಡಿ ಕಾಣಾಕತ್ತಿತ್ತರಿ. ಇಷ್ಟು ಚೆಂದ ಮಾಡಿ ಕಳಿಸಿದ ಸಾಮಾನು ಹಂಗ ಒಗಿಯಾಕ ಮನಸ ಬರಲಿಲ್ಲ. ನಾನ ನಿಂತು ಕಟಗಿ ತುಂಡಿನ ಮ್ಯಾಲ ಇಡಿಸಿದೆ."

"ಮನಸು!" ಸಾವ್ಕಾರ ಚೀಟಿ ಟೇಬಲ್ ಮ್ಯಾಲ ಒಗದ. "ಬರದದ್ದು ತಪ್ಪು, ಅದರ ಮ್ಯಾಲ ಮಾಲೂ ಕೆಟ್ಟು ಬಂತು. ಗಿರಾಕಿ ಇಲ್ಲಿ ನಿಂತು ಬೈಯಾಕತ್ತಾರ. ನಾಳಿಂದ ಕುರ್ಚಿ ಬಿಡು, ತಿರುಗಿ ಗೋಡೌನಿಗೆ ನಡಿ."

ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರು ಅಂತಾರಲ್ಲ, ಆ ಬರಿ ಶಿದ್ರಾಮಪ್ಪನ ಕಣ್ಣ ಮುಂದ ಬೀಳಾಕತ್ತಿತ್ತು. ಕಲ್ಮೇಶ ಕನ್ನಡಕ ತಗದು ಕಿಸೇದಾಗ ಇಟ್ಟ, ಒಂದು ಕೈ ಬೆನ್ನಿಗೆ ಹಚ್ಚಿಕೊಂಡು ಏಳಾಕ ಹೊಂಟ. ಈ ಕಡೆ ಆ ಬೆನ್ನು, ಆ ಕಡೆ ಬಾಗಲ ಹತ್ರ ಸ್ಟೂಲ್ ಮ್ಯಾಲ ಕೂಡೋ ತನ್ನ ಹೆಂಡ್ತಿ. ಸುಮ್ಮನಿದ್ರ ಆಕಿ ಉಳೀತಾಳ, ಇವ ಸಾಯತಾನ.

"ಕುಂದರಪ್ಪಾ ಕಲ್ಮೇಶಾ" ಅಂದ ಶಿದ್ರಾಮಪ್ಪ. "ಸಾವ್ಕಾರ, ಲಾರ್ಯಾಗ ಏನೂ ಆಗಿಲ್ಲ. ತುಕ್ಕು ಗಂಜೀದು. ಕೋರಾ ಸೀರಿ ಸುತ್ತಿದ್ವಿ. ಸೀರಿ ಚೌಕಳಿ ಇದ್ದದ್ದು ಇದ್ದಂಗ ಉಕ್ಕಿನ ಮ್ಯಾಲ ಮೂಡೇತಿ, ನಾ ಕಣ್ಣಾರೆ ನೋಡೀನಿ. ತಪ್ಪು ನಮ್ಮದು."

ಯಂಕವ್ವ ಗಂಡನ ಮಾರಿ ನೋಡಿದ್ಲು.

"ಯಾವಾಗ ನೋಡಿದ್ರಿ?"

"ನಿನ್ನೆ. ನೀ ಊಟಕ್ಕ ಹೋದಾಗ. ತಪ್ಪು ನಂದ ಯಂಕವ್ವಾ, ನಾ ನೋಡಿಕೋಬೇಕಿತ್ತು, ನಾ..."

"ಸೀರಿ ಸುತ್ತಿದಾಕಿ ನಾನು" ಅಂದ್ಲು ಆಕಿ. ಅಷ್ಟಂದು ಕಲ್ಮೇಶನ ಕಡೆ ತಿರಗಿ ಎರಡೂ ಕೈ ಜೋಡಿಸಿದ್ಲು. "ತಮ್ಮಾ, ಬಾಯಿಗೆ ಬಂದಂಗ ಅಂದ್ನಿ. ಹೊಟ್ಟ್ಯಾಗ ಹಾಕ್ಕೊ."

"ಅಯ್ಯ, ಬಿಡ್ರಿ ಅಕ್ಕಾರ, ಕೈ ಮುಗೀಬ್ಯಾಡ್ರಿ" ಅನ್ನೂದ್ರಾಗ ಕಲ್ಮೇಶನ ಕಣ್ಣಾಗ ನೀರು ಬಂತು.

ಸಾವ್ಕಾರ ಮಾತ್ರ ಬಿಡಲಿಲ್ಲ. "ಆದ್ರೂ ದರ್ಜಾ ಅಂವಾ ತಪ್ಪು ಬರದದ್ದು ಖರೆ."

"ನಾಡಿದ್ದು ಅದೇ ರೋಲರ್ ಪೆಟಗ್ಯಾಗ ಬರತೈತ್ರಿ ಸಾವ್ಕಾರ" ಅಂದ್ಲು ಯಂಕವ್ವ. "ಹೆಂಗ ಬರದಾನೋ ಹಂಗ ಕಟ್ಟಿಸಿಕೊಂಡು ಬರತೇವಿ. ಆಗ ಅಂವಾ ಬರದದ್ದು ಸರಿ ಆಗತೈತಲ್ಲ? ಹದಿನೆಂಟು ವರ್ಷ ಮಾಲು ಹೊತ್ತವಗ ಮಾಲಿನ ಮ್ಯಾಲ ಮನಸ ಇರೂದು ತಪ್ಪಾದ್ರ, ಇಲ್ಲದವನ್ನ ಹುಡುಕಿ ಕುರ್ಚ್ಯಾಗ ಕೂಡಸ್ರಿ."

ಸಾವ್ಕಾರ ನಕ್ಕ. "ಏ ಕಲ್ಮೇಶಾ, ಕುಂದರೋ. ಯಂಕವ್ವಾರು ವಕೀಲಕಿ ಮಾಡಿದ್ರ ಜಮಖಂಡಿ ಕೋರ್ಟಿನ್ಯಾಗ ಯಾರೂ ಉಳಿಯಂಗಿಲ್ಲ."

ಚಾ ತರಿಸಿದ್ರು. ಕಲ್ಮೇಶ ಕನ್ನಡಕ ಹಾಕ್ಕೊಂಡು ಹಾಳಿ ಮ್ಯಾಲ ಪೆಟಗಿ ಚಿತ್ರ ಬರದು ತೋರಿಸಿದ. "ಮಿಸ್ತ್ರಿ, ರೋಲರ್ ತನ್ನ ಹೊಟ್ಟಿ ಮ್ಯಾಲ ಕೂಡಬಾರದ್ರಿ, ಎರಡೂ ತುದಿ ಸಣ್ಣಗಿರತಾವಲ್ಲ, ಆ ಕುತ್ತಿಗಿ ಮ್ಯಾಲ ಕೂಡಬೇಕು. ಪೆಟಗ್ಯಾಗ ಎರಡು ಕಟಗಿ ತುಂಡಿನ್ಯಾಗ ತಗ್ಗ ಕೊರಸ್ರಿ, ಕುತ್ತಿಗಿ ಅದರಾಗ ಇಡ್ರಿ. ಹೊಟ್ಟಿಗೆ ದಪ್ಪಗ ಎಣ್ಣಿ, ಎಣ್ಣಿ ಮ್ಯಾಲ ಪ್ಲಾಸ್ಟಿಕ್ಕು. ಹೊಟ್ಟಿಗೆ ಬ್ಯಾರೆ ಯಾವುದೂ ತಾಗಬಾರದು." ಶಿದ್ರಾಮಪ್ಪ ಹೂಂ ಹೂಂ ಅಂದ. ಯಂಕವ್ವ ಚಾ ಮುಟ್ಟಲಿಲ್ಲ.

ತಿರುಗಿ ಬರೂವಾಗ ಬಸ್ಸಿನ್ಯಾಗ ಒಂದು ಮಾತಿಲ್ಲ. ಶಿದ್ರಾಮಪ್ಪ ಶೇಂಗಾ ಪೊಟ್ಟಣ ತೊಗೊಂಡು ಕೊಟ್ಟ. ಆಕಿ ಕೈ ಚಾಚಲಿಲ್ಲ. ಬನಹಟ್ಟ್ಯಾಗ ಇಳದವಳ ಸೀದಾ ಮನಿಗೆ ಹ್ವಾದ್ಲು, ಶೆಡ್ಡಿನ ಕಡೆ ಹೊಳ್ಳಿ ಸುದ್ದಾ ನೋಡಲಿಲ್ಲ. ಆತು ಬಿಡು, ಮುಗೀತು, ಅಂದುಕೊಂಡ ಶಿದ್ರಾಮಪ್ಪ.

ಶುಕ್ರವಾರ ಆಕಿ ಬರಲಿಲ್ಲ. ಅಂವಾ ಇಡೀ ದಿನ ತುಕ್ಕು ತಿಕ್ಕಿದ. ಚೌಕಳಿ ಒಂದೊಂದ ಅಳಿಸಿ ಹ್ವಾದ್ವು, ರೋಲರಿನ್ಯಾಗ ಮತ್ತ ಮಾರಿ ಕಾಣಾಕತ್ತಿತು. ಕಂಡ ಮಾರಿ ಎಂಥಾದ್ದಂತೀರಿ, ಹೆತ್ತತಾಯಿನೂ ಕರದು ಊಟಕ್ಕ ನೀಡಬಾರದು, ಅಂಥಾದ್ದು. ಮನ್ಯಾಗ ಊಟಕ್ಕ ಕುಂತ್ರ ಯಂಕವ್ವ ರೊಟ್ಟಿ ಹಾಕತಿದ್ಲು, ಪಲ್ಯ ಹಾಕತಿದ್ಲು, ಬಾಯಿ ಮಾತ್ರ ಬಿಡತಿರಲಿಲ್ಲ. "ಅತ್ತ್ಯಾರಿಗೆ ಆರಾಮ ಇಲ್ಲೇನ್ರಿ ಮಾಮಾ?" ಅಂತ ಕಾಂಚನಾ ಕೇಳಿದ್ರ ಇವ ಅರ್ಧಾ ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದ.

ಶನಿವಾರ ನಾಕಕ್ಕ ಲಾರಿ. ಮುಂಜಾನೆ ಬಡಗ್ಯಾ ಪೆಟಗಿ ತಂದಿಟ್ಟು ಹೋದ. ಶಿದ್ರಾಮಪ್ಪ ಒಬ್ಬನೇ ಕಟ್ಟಾಕ ಕುಂತ. ಎಣ್ಣಿ ಹಚ್ಚಿದ. ಪ್ಲಾಸ್ಟಿಕ್ ಹಾಳಿ ನೆಲದ ಮ್ಯಾಲ ಹಾಸಿ ತೊಂಬತ್ತು ಕಿಲೋ ರೋಲರನ್ನ ಅದರ ಮ್ಯಾಲ ಉರುಳಿಸಿಕೊಂತ ಸುತ್ತಿದ. ಒಂದು ಕಡೆ ಬಿಗಿ ಮಾಡಿದ್ರ ಇನ್ನೊಂದು ಕಡೆ ಸಡ್ಲಾತು. ಹಗ್ಗ ಹಾಕಿದ್ರ ಗಂಟು ಕೂಡಲಿಲ್ಲ. ಮೂವತ್ತು ವರ್ಷ ಕೂದಲೆಳಿಯಷ್ಟು ಅಳತಿ ತಪ್ಪದ ಕೈ, ಒಂದು ಗಂಟಿಗೆ ಸೋತು ಕುಂತಿತು. ಆಗ ಹೊಟ್ಟ್ಯಾಗಿಂದ ಎದ್ದ ದುಃಖ ರೋಲರಿಂದಲ್ಲ ಅನ್ನೂದು ಅವಗೂ ಗೊತ್ತಿತ್ತು.

ಹನ್ನೆರಡಾಗಿರಬೇಕು. ಬಾಗಲಾಗ ಬೆಳಕು ಮರೆ ಆತು.

"ನೆಲದ ಮ್ಯಾಲ ಉರುಳಿಸೀರಿ" ಅಂದ್ಲು ಯಂಕವ್ವ. "ನೆಲದ ತುಂಬ ಲೇತಿನ ಚೂರು ಬಿದ್ದಾವ, ಎಲ್ಲಾ ಒಳಗ ಹ್ವಾದ್ವು. ಅಲ್ಲಿ ಬಿಚ್ಚೂದ್ರಾಗ ಮೈಯೆಲ್ಲಾ ಗೀರಿರತೈತಿ. ತುಕ್ಕರ ವಾಸಿ ಇತ್ತು."

ಬೈಯಾಕತ್ತಾಳ ಅನ್ನೂದು ಕಿವಿಗೆ ಬಿದ್ದದ್ದ ಶಿದ್ರಾಮಪ್ಪಗ ಹಬ್ಬ ಆಗಿತ್ತು.

ಆಕಿ ಒಳಗ ಬಂದು ಪೆಟಗಿ ಅಂಚಿಗೆ ಕುಂತ್ಲು. "ಒಂದು ಕೇಳತೇನಿ. ಸೀರಿ ಕೆಡಿಸಿದ್ದು ನಾನು, ಅದಕ್ಕ ನನಗ ಸಿಟ್ಟಿಲ್ಲ. ತಿಳೀದ ಮಾಡಿದ್ದು, ತೊಳದ್ರ ಹೋತು. ನೋಡಿದವರು ಮೊದಲ ನನಗ ಯಾಕ ಹೇಳಲಿಲ್ಲ? ಜಮಖಂಡಿ ತನಕ ಕರಕೊಂಡು ಹೋಗಿ, ಒಬ್ಬ ಬಡವನ್ನ ನನ್ನ ಬಾಯಿಲೆ ಬೈಯಿಸಿ, ಆಮ್ಯಾಲ ಮಂದಿ ಮುಂದ ಹೇಳಿದ್ರಿ. ಯಾಕ?"

"ಅಂಜಿದ್ನಿ" ಅಂದ ಶಿದ್ರಾಮಪ್ಪ.

"ನನಗ?"

"ನಿನಗಲ್ಲ. ತಪ್ಪು ನಿಂದಾತು ಅಂತ ತಿಳದು ನೀ ಇಲ್ಲಿ ಬರೂದ ಬಿಟ್ರ ಅಂತ. ಮತ್ತ ಮನ್ಯಾಗ ಆ ಗ್ವಾಡಿಗೆ ಕುಂತ್ರ ಅಂತ." ಕೈಯಾಗಿನ ಹಗ್ಗ ಕೆಳಗ ಇಟ್ಟ. "ನೀ ಇಲ್ಲಿ ಕುಂತು ಬಾಯಿಮಾಡಿದ್ರ ನನಗ ಕೆಲಸಾ ಹತ್ತತೈತಿ ಯಂಕವ್ವಾ. ನಿನ್ನೆ ಇಡೀ ದಿನ ಈ ಶೆಡ್ಡು ನನ್ನ ತಿಂದ್ಹಾಕಿತು. ಆ ಎಂಟು ತಿಂಗಳು ನಾ ಹೆಂಗ ಇದ್ನಿ ನಿನಗ ಗೊತ್ತಿಲ್ಲ. ಈ ಪ್ಯಾಕಿಂಗ್ ಒಂದು ಇತ್ತು ಅಂತ ನೀ ಬರತಿದ್ದಿ. ಅದೂ ಹೋದ್ರ..."

ಯಂಕವ್ವ ಮಾರಿ ಆಕಡೆ ತಿರುವಿದ್ಲು. ಸೆರಗಿಲೆ ಮೂಗು ಒರಸಿಕೊಂಡ್ಲು.

"ಮೂವತ್ತಾರು ವರ್ಷ ಸಂಸಾರ ಮಾಡಿ ಇಷ್ಟ ತಿಳೀತೇನ್ರಿ ನಿಮಗ?" ಅಂದ್ಲು. "ತಿಂಗಳಿಗೆ ಎರಡು ಕಬ್ಬಿಣ ಸುತ್ತಾಕ ಯಾರರ ದಿನಾ ಬರತಾರೇನು?"

ಅದು ತಲಿಗೆ ಹೋಗಾಕ ಶಿದ್ರಾಮಪ್ಪಗ ಒಂದು ಗಳಿಗಿ ಹಿಡೀತು. ಹೋದ ಮ್ಯಾಲ ಎಣ್ಣಿ ಕೈ ಚಾಚಿಕೊಂಡು ನಿಂತ ಬಿಟ್ಟ.

"ನಿಂತು ಏನ ನೋಡತೀರಿ?" ಅಂದ್ಲು ಯಂಕವ್ವ. "ನಾಕಕ್ಕ ಲಾರಿ ಐತಿ. ಆ ಕಡೆ ನೀವು ಹಿಡೀರಿ, ಈ ಕಡೆ ನಾ ಹಿಡೀತೇನಿ."